ಕಿತ್ತ ಮೇಲೂ ಉಸಿರಾಡುವ ಬಟಾಣಿ

ಬಟಾಣಿ ಕಾಲ ಬಂದರೆ ಸಿಪ್ಪೆ ಬಿಡಿಸುವ ಕೆಲಸ ನಮ್ಮ 4 ವರ್ಷದ ಮಗಳದ್ದು. ತುದಿ ಮುರಿದು, ನಾರೆಳೆದು, ಹೆಬ್ಬೆರಳಲ್ಲಿ ಒತ್ತಿದರೆ ಕಾಯಿ ಟಪ್ಪೆಂದು ಬಾಯಿ ಬಿಡುತ್ತದೆ. ನಾಲ್ಕು ಕಾಳು ಪಾತ್ರೆಗೆ, ಮೂರು ಬಾಯಿಗೆ. ಒಂದು ದಿನ ಅವಳ ಮುಂದೆ ಎರಡು ರಾಶಿ ಇದ್ದವು. ಒಂದು ಆವತ್ತು ಬೆಳಿಗ್ಗೆ ಕಿತ್ತದ್ದು, ಇನ್ನೊಂದು ಮೂರು ದಿನದಿಂದ ಬುಟ್ಟಿಯಲ್ಲಿ ಉಳಿದದ್ದು. ಎರಡನೇ ರಾಶಿಯ ಕಾಳನ್ನು ಬಾಯಿಗೆ ಹಾಕಿಕೊಂಡವಳು ತಕ್ಷಣ ಉಗುಳಿ, "ಇದು ಬೇರೆ" ಎಂದಳು. ನೋಡಲು ಎರಡೂ ಒಂದೇ ಹಸಿರು. ತಿಂದು ನೋಡಿದೆ. ಹಳೆಯದು ಸಪ್ಪೆಯಾಗಿತ್ತು, ಹಲ್ಲಿಗೆ ಹಿಟ್ಟುಹಿಟ್ಟಾಗಿ ಸಿಗುತ್ತಿತ್ತು.

ಬಳ್ಳಿಯಿಂದ ಬೇರೆಯಾದ ಮಾತ್ರಕ್ಕೆ ಬಟಾಣಿ ಸಾಯುವುದಿಲ್ಲ. ಅದರ ಜೀವಕೋಶಗಳು ಆಮ್ಲಜನಕ ಎಳೆದುಕೊಂಡು, ಸಕ್ಕರೆಯನ್ನು ಸುಟ್ಟು, ಶಾಖ ಹೊರಬಿಡುತ್ತಲೇ ಇರುತ್ತವೆ. ಮೊದಲಾದರೆ ಎಲೆಗಳಿಂದ ಹೊಸ ಸಕ್ಕರೆ ಬರುತ್ತಿತ್ತು, ಈಗ ಆ ದಾರಿ ಮುಚ್ಚಿದೆ. ಸಾಲದ್ದಕ್ಕೆ, ಬೀಜವಾಗಿ ಬಲಿಯುವುದೇ ಕಾಳಿನ ಗುರಿಯಾದ್ದರಿಂದ ಅದರ ಕಿಣ್ವಗಳು ಉಳಿದ ಸಕ್ಕರೆಯನ್ನು ಪಿಷ್ಟವಾಗಿ ಕಟ್ಟಿಡುತ್ತವೆ. ನಾಲಿಗೆಗೆ ಸಕ್ಕರೆ ಸಿಹಿ, ಪಿಷ್ಟ ಸಪ್ಪೆ. ಸ್ವೀಟ್ ಕಾರ್ನ್‌ನದೂ ಇದೇ ಕಥೆ. ಹಳೆಯ ತಳಿಗಳನ್ನು ಬೆಚ್ಚಗಿನ ಜಾಗದಲ್ಲಿ ಇಟ್ಟರೆ ಒಂದೇ ದಿನದಲ್ಲಿ ಹತ್ತಿರಹತ್ತಿರ ಅರ್ಧ ಸಿಹಿ ಹೋಗುತ್ತದೆ. ತಾಪಮಾನ 10 ಡಿಗ್ರಿ ಇಳಿದರೆ ಈ ಉಸಿರಾಟದ ವೇಗ ಸುಮಾರು ಅರ್ಧಕ್ಕೆ, ಕೆಲವೊಮ್ಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಕಿತ್ತ ಗಳಿಗೆಯಿಂದ ಒಲೆಯವರೆಗಿನ ಹೊತ್ತು ಅಡುಗೆಯಲ್ಲಿ ಇಷ್ಟು ಮುಖ್ಯವಾಗುವುದು ಇದಕ್ಕೇ.

ಹಾಗೆಂದು ಫ್ರೋಜನ್ ಬಟಾಣಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಿತ್ತ ಕೆಲವೇ ಗಂಟೆಗಳಲ್ಲಿ ಕಾಳನ್ನು ಬಿಸಿನೀರಿನಲ್ಲಿ ಅದ್ದಿ ಕಿಣ್ವಗಳ ಕೆಲಸ ನಿಲ್ಲಿಸಿ, ಆಮೇಲೆ ಹೆಪ್ಪುಗಟ್ಟಿಸಿರುತ್ತಾರೆ. ನಾಲ್ಕು ದಿನ ಬಾಡಿದ 'ತಾಜಾ' ಕಾಯಿಗಿಂತ ಅದೇ ವಾಸಿ. ಸುಗ್ಗಿಯಲ್ಲಿ ಮನೆಯಲ್ಲೂ ಹೀಗೆ ಮಾಡಿಡಬಹುದು. ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಇಟ್ಟು ತೆಗೆದು, ತಕ್ಷಣ ಐಸ್ ನೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ ಫ್ರೀಜರ್‌ಗೆ ಇಟ್ಟರಾಯಿತು.

ಆದರೆ ಕಂಡದ್ದನ್ನೆಲ್ಲ ಫ್ರಿಜ್ಜಿಗೆ ತುರುಕಬಾರದು. ಟೊಮೆಟೊಗೆ 12 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಕಾರಣವನ್ನು 2016ರಲ್ಲಿ ತೋರಿಸಿಕೊಟ್ಟರು: ಘಮ ತಯಾರಿಸುವ ಜೀನ್‌ಗಳು ಚಳಿಗೆ ಮಂಕಾಗುತ್ತವೆ, ಹಣ್ಣನ್ನು ಹೊರಗೆ ತೆಗೆದಿಟ್ಟ ಮೇಲೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಸಿಹಿ-ಹುಳಿ ಹಾಗೇ ಉಳಿದು ಪರಿಮಳ ಮಾತ್ರ ಹೋಗಿರುತ್ತದೆ. ಹಾಗಾಗಿ ನಮ್ಮಲ್ಲಿ ಮಾಗಿದ ಟೊಮೆಟೊಗೆ ಜಾಗ ಅಡುಗೆಕಟ್ಟೆಯ ಮೇಲೆ. ಅದು ಮೆತ್ತಗಾಗುವ ಮುಂಚೆ ಎಣ್ಣೆಯಲ್ಲಿ ಬಾಡಿಸಿಬಿಡುತ್ತೇವೆ. ಶಾಖಕ್ಕೆ ಜೀವಕೋಶಗಳ ಗೋಡೆ ಒಡೆದು ಕೆಂಪು ಬಣ್ಣದ ಲೈಕೋಪೀನ್ ಹೊರಬರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಎಣ್ಣೆಯ ಜೊತೆ ಬೆಂದ ಟೊಮೆಟೊದಿಂದ ದೇಹ ಅದನ್ನು ಹೆಚ್ಚು ಹೀರಿಕೊಳ್ಳುವುದು ಇದೇ ಕಾರಣಕ್ಕೆ.

ಎಲ್ಲವನ್ನೂ ಮನೆಯಲ್ಲೇ, ಮೊದಲಿಂದ ಮಾಡುತ್ತೇವೆ ಎಂದು ಹೊರಟವರು ಒಂದು ವಿಷಯ ತಿಳಿದಿರಲೇಬೇಕು. ಡಬ್ಬಿಯಲ್ಲಿ ಬರುವ ರಾಜ್ಮಾ ಬೆಂದೇ ಬಂದಿರುತ್ತದೆ. ಒಣ ಕಾಳು ತಂದರೆ ಆ ಜವಾಬ್ದಾರಿ ನಮ್ಮದು. ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷಕಾರಿ ಪ್ರೋಟೀನ್ ಇದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ಸಾಕು, ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ಶುರುವಾಗಬಹುದು. ಕಾಳನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ, ಇನ್ನೂ ನಿಶ್ಚಿಂತೆ ಬೇಕೆಂದರೆ 30 ನಿಮಿಷ, ಕೊತಕೊತ ಕುದಿಸಬೇಕು. ಸಣ್ಣ ಉರಿಯಲ್ಲಿ, 80 ಡಿಗ್ರಿಯ ಆಸುಪಾಸಿನಲ್ಲಿ, ಗಂಟೆಗಟ್ಟಲೆ ಇಟ್ಟರೆ ವಿಷ ಇಳಿಯುವ ಬದಲು ಏರಲೂಬಹುದು. ಸ್ಲೋ ಕುಕ್ಕರ್ ಬಳಸುವವರು ಮೊದಲು ಬೇರೆ ಪಾತ್ರೆಯಲ್ಲಿ ಕುದಿಸಿಕೊಳ್ಳಲಿ. ಪ್ರೆಷರ್ ಕುಕ್ಕರ್‌ನ ಒಳಗಿನ ಶಾಖ 100 ಡಿಗ್ರಿ ದಾಟುವುದರಿಂದ ಅಲ್ಲಿ ಈ ಚಿಂತೆಯಿಲ್ಲ. ಟೊಮೆಟೊವನ್ನು ಮಾತ್ರ ಕಾಳು ಮೆತ್ತಗಾದ ಮೇಲೇ ಹಾಕಬೇಕು. ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಎಷ್ಟು ಬೇಯಿಸಿದರೂ ಕಾಳು ಗಟ್ಟಿಯಾಗೇ ಉಳಿಯಿತು ಎಂಬ ದೂರಿಗೆ ಎಷ್ಟೋ ಸಲ ಕಾರಣ ಇದೇ.

ಇಷ್ಟೆಲ್ಲ ಮಾಡಿ ಬಡಿಸಿದ್ದನ್ನು ಮಗು ತಿನ್ನದಿದ್ದರೆ? ಎರಡರಿಂದ ಆರು ವರ್ಷದೊಳಗೆ ಹೊಸ ತಿನಿಸಿನ ಭಯ ಎಲ್ಲಕ್ಕಿಂತ ಹೆಚ್ಚು. ಆಗಷ್ಟೇ ನಡೆಯಲು ಕಲಿತು, ಕಂಡದ್ದನ್ನು ಬಾಯಿಗಿಡುವ ಮಗುವನ್ನು ವಿಷದ ಕಾಯಿ-ಎಲೆಗಳಿಂದ ಕಾಪಾಡಲು ಬಂದ ಗುಣ ಇದು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಮಗು ಒಂದು ರುಚಿಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ 8ರಿಂದ 10 ಸಲ, ಕೆಲವೊಮ್ಮೆ 15 ಸಲ ಅದನ್ನು ಸವಿಯಬೇಕಾಗುತ್ತದೆ. ನಾವೋ, ಮೂರನೇ ಸಲಕ್ಕೋ ಐದನೇ ಸಲಕ್ಕೋ "ಇವಳಿಗೆ ಸೇರಲ್ಲ" ಎಂದು ಬರೆದಿಟ್ಟುಬಿಡುತ್ತೇವೆ.

ಋತುಮಾನದ ಅಡುಗೆ ಎಳೆಯ ಮಕ್ಕಳಿರುವ ಮನೆಗೆ ಒದಗಿಬರುವುದು ಇಲ್ಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಸುಗ್ಗಿ ಎಂದರೆ ಒಂದೇ ತರಕಾರಿ ವಾರಗಟ್ಟಲೆ ಮನೆಗೆ ಬರುವುದು. ದೊಡ್ಡವರಿಗೆ ಬೇಸರ ತರಿಸುವ ಅದೇ ಪುನರಾವರ್ತನೆ ಮಗುವಿಗೆ ಪಾಠ. ಯಾರೂ ಲೆಕ್ಕ ಇಡದೆಯೇ ಹತ್ತು ಸಲ ತಟ್ಟೆಗೆ ಬಂದಿರುತ್ತದೆ: ಒಂದು ದಿನ ಸೂಪು, ಒಂದು ದಿನ ಪಲ್ಯ, ಒಂದು ದಿನ ಬರೀ ಬೇಯಿಸಿದ್ದು.

ಈ ಪಾಠ ಮಗು ಹುಟ್ಟುವ ಮೊದಲೇ ಶುರುವಾಗುತ್ತದೆ. ರುಚಿ-ವಾಸನೆಗಳ ಸಂಶೋಧನೆ ನಡೆಸುವ, ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ತಾಯಂದಿರು ಬಸಿರಿನ ಕೊನೆಯ ತಿಂಗಳುಗಳಲ್ಲಿ, ಕೆಲವರು ಹಾಲೂಡಿಸುವಾಗ, ವಾರಕ್ಕೆ 4 ದಿನದಂತೆ 3 ವಾರ ಕ್ಯಾರೆಟ್ ರಸ ಕುಡಿದಿದ್ದರು. ಮುಂದೆ ಆ ಕೂಸುಗಳಿಗೆ ಕ್ಯಾರೆಟ್ ಬೆರೆಸಿದ ಗಂಜಿ ತಿನ್ನಿಸಿದಾಗ, ಬರೀ ನೀರು ಕುಡಿದಿದ್ದವರ ಮಕ್ಕಳಿಗಿಂತ ಕಡಿಮೆ ಮುಖ ಸಿಂಡರಿಸಿದವು. ಗರ್ಭದ ನೀರಿಗೂ ಎದೆಹಾಲಿಗೂ ಅಮ್ಮನ ಊಟದ ರುಚಿ ಇಳಿದಿರುತ್ತದೆ.

ಮನೆಯಲ್ಲಿ ಕೂಸು ಇದ್ದರೆ ಅದರ ಪಾಲನ್ನು ಉಪ್ಪು ಹಾಕುವ ಮುನ್ನವೇ ತೆಗೆದಿಡಿ, ಬಟಾಣಿಯನ್ನು ಇಡಿಯಾಗಿ ಕೊಡದೆ ಹಿಸುಕಿ ಕೊಡಿ. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಬೇಯಿಸಿದ ತಿನಿಸಿನಲ್ಲೂ ಬೇಡ. ಅದರಲ್ಲಿರಬಹುದಾದ, ಕೂಸುಗಳಿಗೆ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣು ಮನೆಯ ಒಲೆಯ ಶಾಖಕ್ಕೆ ಸಾಯುವುದಿಲ್ಲ. ಮಿಕ್ಕ ಅಡುಗೆಯನ್ನು ಅಗಲವಾದ ಪಾತ್ರೆಗೆ ಹರಡಿ ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿಬಿಡಿ.

ನಮ್ಮ ಮಗಳು ಬೇಯಿಸಿದ ಬಟಾಣಿಯನ್ನು ಆರು ಸಲ ತಟ್ಟೆಯ ಅಂಚಿಗೆ ಸರಿಸಿದ್ದಳು. ಏಳನೇ ಸಲ ಒಂದು ಕಾಳನ್ನು ಬೆರಳಲ್ಲಿ ಒತ್ತಿ, ಸಿಪ್ಪೆ ಕಳಚಿ, ಒಳಗಿನ ಎರಡು ಬೇಳೆಯನ್ನು ಬಿಡಿಸಿ ನೋಡಿದಳು. ಒಂದು ಬೇಳೆ ತಿಂದು, ಇನ್ನೊಂದನ್ನು ನನ್ನ ಕೈಗಿಟ್ಟಳು.