ಜಿಲ್ಲಾ ಪಂಚಾಯತಿಗೆ ಚುನಾವಣೆ ಯಾಕೆ ನಡೆಯುತ್ತಿಲ್ಲ? ಈ ವಿಳಂಬಕ್ಕೆ ಹಳೆಯ ಇತಿಹಾಸವಿದೆ

ಕರ್ನಾಟಕದ ಜನ ಜಿಲ್ಲಾ ಪಂಚಾಯತಿ ಮತ್ತು ತಾಲ್ಲೂಕು ಪಂಚಾಯತಿಗೆ ಕೊನೆಯ ಸಲ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಆಗ ಗೆದ್ದವರ ಐದು ವರ್ಷ 2021ರ ಏಪ್ರಿಲ್-ಮೇ ಹೊತ್ತಿಗೆ ಮುಗಿಯಿತು. ಆಮೇಲೆ 2025 ಮುಗಿದರೂ ಚುನಾವಣೆ ನಡೆಯಲಿಲ್ಲ. ವಿಜಯನಗರ ಜಿಲ್ಲೆ ಹುಟ್ಟಿದ್ದೇ 2021ರಲ್ಲಿ. ಹೊಸಪೇಟೆ, ಹಡಗಲಿ, ಕೂಡ್ಲಿಗಿ ಕಡೆಯವರು ತಮ್ಮ ಹೊಸ ಜಿಲ್ಲೆಯ ಪಂಚಾಯತಿಗೆ ಒಬ್ಬ ಸದಸ್ಯರನ್ನೂ ಇನ್ನೂ ಆರಿಸಿ ಕಳಿಸಿಲ್ಲ.

"ಕೋರ್ಟಿನಲ್ಲಿ ಕೇಸಿದೆ, ಅದಕ್ಕೇ ತಡ" ಎಂದು ಹೇಳುವುದು ಸುಲಭ. ಕೇಸು ಇದ್ದದ್ದು ನಿಜ. ಆದರೆ ಹಿಂದಿನದನ್ನು ಸ್ವಲ್ಪ ಕೆದಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಜಿಲ್ಲೆಯ ಅಧಿಕಾರವನ್ನು ಜಿಲ್ಲೆಯ ಜನರಿಗೆ ಕೊಡಲು ವಿಧಾನಸೌಧ ಹಿಂದೆಮುಂದೆ ನೋಡುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದರಲ್ಲಿ ಹೆಚ್ಚಿನ ವ್ಯತ್ಯಾಸ ಆಗಿಲ್ಲ.

ಮೊದಲು, ಚುನಾಯಿತರು ಇಲ್ಲದಿದ್ದರೆ ಊರಿಗೆ ಆಗುವ ನಷ್ಟವೇನು ಎಂದು ನೋಡೋಣ. ಹಳ್ಳಿಯ ಬೋರ್‌ವೆಲ್ ಮೋಟಾರು ಸುಟ್ಟರೆ ನೀರುಗಂಟಿಗೆ ಹೇಳಬಹುದು, ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಬಹುದು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರ್ ಸರಿಯಾಗಿ ಬರುತ್ತಿಲ್ಲ, ಶಾಲೆಯ ಚಾವಣಿ ಸೋರುತ್ತಿದೆ, ಅಂಗನವಾಡಿ ಕಟ್ಟಡ ಅರ್ಧಕ್ಕೇ ನಿಂತಿದೆ ಅಂದರೆ ಅದು ಗ್ರಾಮ ಪಂಚಾಯತಿಯ ಕೈಯಲ್ಲಿ ಇಲ್ಲ. ಅದು ಜಿಲ್ಲಾ ಪಂಚಾಯತಿಯ ಕೆಲಸ.

ಸಾಮಾನ್ಯ ಸಭೆ ನಡೆಯುತ್ತಿದ್ದಾಗ ಇಂಥ ವಿಷಯಗಳು ಅಲ್ಲಿಗೆ ಬರುತ್ತಿದ್ದವು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಮುಖ್ಯ ಕಾರ್ಯನಿರ್ವಹಣಾಧಿಕಾರಿ (ಸಿಇಒ). ಎದುರಿಗೆ ಸದಸ್ಯರು. ಒಂದು ಬದಿಯಲ್ಲಿ ಫೈಲು ಹಿಡಿದು ಕೂತ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ), ಜಂಟಿ ಕೃಷಿ ನಿರ್ದೇಶಕರು, ಎಂಜಿನಿಯರಿಂಗ್ ವಿಭಾಗದ ಕಾರ್ಯಪಾಲಕ ಎಂಜಿನಿಯರ್. ಸಭೆ ಶುರುವಾಗುತ್ತಿದ್ದದ್ದು ಅನುಪಾಲನಾ ವರದಿಯಿಂದ. ಹೋದ ಸಭೆಯಲ್ಲಿ ಕೇಳಿದ್ದಕ್ಕೆ ಈ ಸಭೆಯ ಹೊತ್ತಿಗೆ ಏನು ಮಾಡಿದ್ದೀರಿ ಎಂಬ ಲೆಕ್ಕ ಅದು. "ಕ್ರಮ ಕೈಗೊಳ್ಳಲಾಗುತ್ತಿದೆ" ಎಂದು ಬರೆದು ತಂದರೆ ಸದಸ್ಯರು ಸುಮ್ಮನಿರುತ್ತಿರಲಿಲ್ಲ. ಯಾವ ದಿನ, ಯಾರು, ಎಷ್ಟು ಬಿಲ್ ಆಯಿತು ಎಂದು ಎದ್ದು ನಿಂತು ಕೇಳುತ್ತಿದ್ದರು. ಕೆಲವೊಮ್ಮೆ ಗಲಾಟೆಯೂ ಆಗುತ್ತಿತ್ತು, ಸಭಾತ್ಯಾಗವೂ ನಡೆಯುತ್ತಿತ್ತು. ಆದರೆ ಮರುದಿನದ ಪತ್ರಿಕೆಯಲ್ಲಿ ಊರಿನ ಹೆಸರು, ಶಾಲೆಯ ಹೆಸರು ಸಮೇತ ಸುದ್ದಿ ಬರುತ್ತಿತ್ತು. ಅಧಿಕಾರಿಗಳು ಹೆದರುತ್ತಿದ್ದದ್ದು ಇದಕ್ಕೇ.

ಈಗ ಆ ಸಭೆ ಇಲ್ಲ. ಸರ್ಕಾರದ ಹಿರಿಯ ಅಧಿಕಾರಿಗಳೇ ಆಡಳಿತಾಧಿಕಾರಿಗಳು. ಅವರಲ್ಲಿ ಒಳ್ಳೆಯವರು, ಕಷ್ಟಪಟ್ಟು ಕೆಲಸ ಮಾಡುವವರು ಬೇಕಾದಷ್ಟಿದ್ದಾರೆ. ಆದರೆ ಅಧಿಕಾರಿಯೇ ಅಧಿಕಾರಿಯನ್ನು ಪ್ರಶ್ನಿಸುವುದು ಬೇರೆ, ಮುಂದಿನ ಸಲ ಅದೇ ಊರಿಗೆ ಹೋಗಿ ಓಟು ಕೇಳಬೇಕಾದವರು ಪ್ರಶ್ನಿಸುವುದು ಬೇರೆ. ಅಲ್ವಾ?

ಸ್ವಾತಂತ್ರ್ಯಕ್ಕೆ ಮುಂಚೆಯೂ ಜಿಲ್ಲಾ ಬೋರ್ಡುಗಳಿದ್ದವು. ಮೈಸೂರು ಸಂಸ್ಥಾನದಲ್ಲಿದ್ದವು, ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿದ್ದವು, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿದ್ದವು. ಕರಾವಳಿಯ ಹಿರಿಯರು ಇವತ್ತಿಗೂ "ಬೋರ್ಡ್ ಹೈಸ್ಕೂಲು" ಅನ್ನುವುದು ಆ ಕಾಲದ ನೆನಪಿನಿಂದಲೇ. 1956ರಲ್ಲಿ ರಾಜ್ಯ ಒಂದಾದ ಮೇಲೆ 1959ರ ಕಾಯ್ದೆ ಬಂತು. ಅದರಡಿ ಹಳ್ಳಿಗೆ ಪಂಚಾಯತಿ, ತಾಲ್ಲೂಕಿಗೆ ಚುನಾಯಿತ ಅಭಿವೃದ್ಧಿ ಮಂಡಳಿ. ಜಿಲ್ಲೆಗೆ ಮಾತ್ರ ಚುನಾಯಿತ ಸಂಸ್ಥೆ ಸಿಗಲಿಲ್ಲ. ಅಲ್ಲಿದ್ದದ್ದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿದ್ದ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಅದು ಸಲಹೆ ಕೊಡಬಹುದಿತ್ತು, ಅಷ್ಟೇ. ತಾಲ್ಲೂಕು ಮಂಡಳಿಗಳ ಚುನಾವಣೆಯಾದರೂ ನೇಮದಿಂದ ನಡೆಯಿತೇ ಅಂದರೆ ಅದೂ ಇಲ್ಲ. 1960ರಲ್ಲಿ ಒಮ್ಮೆ, 1968ರಲ್ಲಿ ಒಮ್ಮೆ, ಮತ್ತೆ 1978ರಲ್ಲಿ. ನಡುವಿನ ಅಂತರ ನೋಡಿದರೆ ಈಗಿನ ವಿಳಂಬ ಹೊಸದೇನಲ್ಲ ಅನ್ನಿಸುತ್ತದೆ.

ದೊಡ್ಡ ಬದಲಾವಣೆ ಬಂದದ್ದು 1983ರಲ್ಲಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ವಹಿಸಿಕೊಂಡರು. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು "ನೀರ್ ಸಾಬ್" ಎಂದು ಕರೆದರು. ಇವತ್ತಿಗೂ ಅನೇಕರಿಗೆ ಅವರು ಗೊತ್ತಿರುವುದು ಆ ಹೆಸರಿನಿಂದಲೇ. ನನ್ನ ಮಟ್ಟಿಗೆ ಅವರ ಇನ್ನೂ ದೊಡ್ಡ ಕೆಲಸ ಅಂದರೆ ಜಿಲ್ಲಾ ಪರಿಷತ್ ಕಾಯ್ದೆ. ಈಗಿನ ಜಿಲ್ಲಾ ಪಂಚಾಯತಿಯ ಹಿಂದಿನ ರೂಪವೇ ಜಿಲ್ಲಾ ಪರಿಷತ್ತು. 1983ರಲ್ಲಿ ಮಸೂದೆ ಪಾಸಾಯಿತು, ರಾಷ್ಟ್ರಪತಿಗಳ ಒಪ್ಪಿಗೆ ಸಿಗಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಚುನಾವಣೆ. ಅದೇ ವರ್ಷದ ಏಪ್ರಿಲ್ 1ರಿಂದ ಜಿಲ್ಲಾ ಪರಿಷತ್ತುಗಳು ಕೆಲಸ ಶುರು ಮಾಡಿದವು.

ಆ ಕಾಯ್ದೆ ಎಷ್ಟು ದಿಟ್ಟವಾಗಿತ್ತು ಎಂಬುದನ್ನು ಕೆಲವು ವಿವರಗಳೇ ಹೇಳುತ್ತವೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಸೇವೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯರು. ಅದುವರೆಗೆ ಜಿಲ್ಲೆ ಅಂದರೆ ಡಿಸಿ, ಡಿಸಿ ಅಂದರೆ ಜಿಲ್ಲೆ ಎಂಬಂತೆ ಇತ್ತು. ಅಭಿವೃದ್ಧಿಯ ವಿಷಯದಲ್ಲಿ ಡಿಸಿಯ ಮೇಲೆ ಇನ್ನೊಬ್ಬರನ್ನು ಕೂರಿಸಿ, ಅವರ ಮೇಲೆ ಓಟಿನಲ್ಲಿ ಗೆದ್ದವರನ್ನು ಕೂರಿಸಿದ್ದು ಸಣ್ಣ ಮಾತಲ್ಲ. ಮಹಿಳೆಯರಿಗೆ ಶೇ. 25 ಮೀಸಲಾತಿ ಸಿಕ್ಕಿತು. ಇಡೀ ದೇಶಕ್ಕೆ ಅಂಥ ಮೀಸಲಾತಿ ಬರಲು ಇನ್ನೂ ಆರು ವರ್ಷ ಬೇಕಿತ್ತು. ರಾಜ್ಯ ಬಜೆಟ್ಟಿನಲ್ಲಿ ಯಾವ ಜಿಲ್ಲೆಗೆ, ಯಾವ ಲೆಕ್ಕಶೀರ್ಷಿಕೆಯಲ್ಲಿ, ಎಷ್ಟು ಹಣ ಎಂದು ಬೇರೆಯಾಗಿ ಅಚ್ಚು ಮಾಡುವ ಪದ್ಧತಿಯೂ ಬಂತು. ಅಧಿಕಾರಿಗಳು ಇವತ್ತಿಗೂ "ಲಿಂಕ್ ಡಾಕ್ಯುಮೆಂಟ್" ಅನ್ನುವುದು ಅದಕ್ಕೇ.

ಹೊಸ ವ್ಯವಸ್ಥೆಯನ್ನು ಪರಿಶೀಲಿಸಲು ಕೃಷ್ಣಸ್ವಾಮಿ ಸಮಿತಿಯನ್ನು ನೇಮಿಸಿದರು. 1989ರಲ್ಲಿ ವರದಿ ಬಂತು. ಹಳ್ಳಿಯ ಶಾಲೆಗಳಿಗೆ ಮೇಷ್ಟ್ರು, ಆಸ್ಪತ್ರೆಗಳಿಗೆ ಡಾಕ್ಟರು ಮೊದಲಿಗಿಂತ ಸರಿಯಾಗಿ ಬರತೊಡಗಿದ್ದು ಆ ದಿನಗಳನ್ನು ಗಮನಿಸಿದವರೆಲ್ಲ ಹೇಳಿದ ಮಾತು. ಅದಕ್ಕೆ ಕಾರಣ ಸರಳ. ಕೇಳುವವರು ಪಕ್ಕದ ಊರಿನಲ್ಲೇ ಇದ್ದರು. ನಜೀರ್ ಸಾಬ್ 1988ರಲ್ಲೇ ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಗೆದ್ದ ಪಂಚಾಯತಿ ಸದಸ್ಯರಿಗೆ ತರಬೇತಿ ಕೊಡುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು.

ಕೇಳುವವರು ಹತ್ತಿರವಿದ್ದದ್ದು ಎಲ್ಲರಿಗೂ ಇಷ್ಟವಾಗಲಿಲ್ಲ. ಶಾಸಕರಿಗಂತೂ ಆಗಲೇ ಇಲ್ಲ. ವರ್ಗಾವಣೆ, ಕಾಮಗಾರಿ, ಶಂಕುಸ್ಥಾಪನೆ ಎಲ್ಲದರಲ್ಲೂ ಜಿಲ್ಲಾ ಪರಿಷತ್ ಸದಸ್ಯರ ಮಾತು ನಡೆಯತೊಡಗಿತು. ಇವತ್ತು ಜಿಲ್ಲಾ ಪರಿಷತ್ತಿನಲ್ಲಿ ಹೆಸರು ಮಾಡಿದವರು ನಾಳೆ ವಿಧಾನಸಭೆಯ ಟಿಕೆಟ್ ಕೇಳುತ್ತಾರೆ ಎಂಬ ಅಂಜಿಕೆಯೂ ಇತ್ತು. 1992ರ ಜನವರಿಯಲ್ಲಿ ಪರಿಷತ್ತುಗಳ ಅವಧಿ ಮುಗಿಯಿತು. ಆಗಿದ್ದ ಕಾಂಗ್ರೆಸ್ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಜಿಲ್ಲೆ ಮತ್ತೆ ಅಧಿಕಾರಿಗಳ ಕೈಗೆ ಹೋಯಿತು.

ಈ ಚಾಳಿಗೆ ಕಡಿವಾಣ ಹಾಕಬೇಕು ಎಂದೇ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂತು. ಜಾರಿಯಾದದ್ದು 1993ರ ಏಪ್ರಿಲ್ 24ರಂದು. ಅದರ 243ಇ ವಿಧಿಯಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಪಂಚಾಯತಿಯ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಆ ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ. ಚುನಾವಣೆ ನಡೆಸಲು ಪ್ರತಿ ರಾಜ್ಯಕ್ಕೂ ಸ್ವತಂತ್ರ ಚುನಾವಣಾ ಆಯೋಗ. ಕರ್ನಾಟಕ ಬೇಗನೆ ತನ್ನ ಕಾಯ್ದೆ ಮಾಡಿಕೊಂಡಿತು. ಅದು 1993ರ ಮೇ 10ರಂದು ಜಾರಿಗೆ ಬಂತು. ಅದೇ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿಗಳಿಗೂ 1995ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೂ ಚುನಾವಣೆ ನಡೆಯಿತು. ಅಂದರೆ 1992ರಿಂದ ಮೂರು ವರ್ಷ ಜಿಲ್ಲೆಗಳಲ್ಲಿ ಚುನಾಯಿತರು ಇರಲಿಲ್ಲ.

ಆಮೇಲಿನ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಸರಿಯಾಗಿಯೇ ನಡೆಯಿತು. 2000, 2005, 2010ರ ಕೊನೆ, 2016. ಮಹಿಳಾ ಮೀಸಲಾತಿ ಮೂರನೇ ಒಂದರಿಂದ ಅರ್ಧಕ್ಕೆ ಏರಿತು. ಹಿಂದೆ ಅಧ್ಯಕ್ಷರ ಅವಧಿ ಇದ್ದದ್ದು 20 ತಿಂಗಳು. ಕೆಲಸ ಕಲಿಯುವಷ್ಟರಲ್ಲಿ ಕುರ್ಚಿ ಬಿಡಬೇಕಿತ್ತು. 2016ರಲ್ಲಿ ಗೆದ್ದವರಿಗೆ ಐದು ವರ್ಷ ಸಿಕ್ಕಿತು. ಆದರೆ ಚುನಾವಣೆ ನಡೆದರೂ ಅಧಿಕಾರ ಮಾತ್ರ ನಿಧಾನವಾಗಿ ಸೋರಿಹೋಗುತ್ತಿತ್ತು. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು, ಮನೆ ಹಂಚುವ ಆಶ್ರಯ ಸಮಿತಿಗೂ ಶಾಸಕರೇ. ಜಿಲ್ಲೆಯ ತ್ರೈಮಾಸಿಕ ಕೆಡಿಪಿ ಉಸ್ತುವಾರಿ ಸಚಿವರ ಕೈಯಲ್ಲಿ. ಜಿಲ್ಲಾ ಪಂಚಾಯತಿಗೆ ಬರುವ ಹಣದಲ್ಲಿ ದೊಡ್ಡ ಪಾಲು ಸಂಬಳಕ್ಕೆ, ಉಳಿದದ್ದು ಇಂಥ ಯೋಜನೆಗೇ ಎಂದು ಮೇಲಿನಿಂದಲೇ ಗುರುತು ಮಾಡಿ ಬರುತ್ತದೆ. ತಾಲ್ಲೂಕು ಪಂಚಾಯತಿಯ ಸದಸ್ಯರಿಗಂತೂ ಊರಿನವರಿಗೆ ತೋರಿಸಲು ಒಂದು ಚರಂಡಿ, ಒಂದು ಕಾಂಪೌಂಡ್ ಗೋಡೆಗಿಂತ ಹೆಚ್ಚೇನೂ ಇರುತ್ತಿರಲಿಲ್ಲ. 2021ರ ಆರಂಭದಲ್ಲಿ ತಾಲ್ಲೂಕು ಪಂಚಾಯತಿಯನ್ನೇ ತೆಗೆದುಹಾಕಿದರೆ ಹೇಗೆ ಎಂಬ ಚರ್ಚೆಯೂ ಸರ್ಕಾರದ ಮಟ್ಟದಲ್ಲಿ ನಡೆಯಿತು. ಮೊದಲು ಕೈಯಿಂದ ಕೆಲಸ ಕಿತ್ತುಕೊಂಡು, ಆಮೇಲೆ ಇವರಿಗೆ ಕೆಲಸವೇ ಇಲ್ಲ ಅನ್ನುವುದು ಯಾವ ನ್ಯಾಯ?

ಈಗಿನ ವಿಳಂಬಕ್ಕೆ ಬರೋಣ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಗುರುತಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಚುನಾವಣೆ ಇನ್ನೇನು ಬಂತು ಎಂದು ಆಕಾಂಕ್ಷಿಗಳು ಊರೂರು ಸುತ್ತತೊಡಗಿದ್ದರು. ಅಷ್ಟರಲ್ಲಿ ಆಗಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಗಡಿ ಗುರುತಿಸುವ ಅಧಿಕಾರವನ್ನು ಆಯೋಗದಿಂದ ತೆಗೆದು, ಅದಕ್ಕೆಂದೇ ಸೀಮಾ ನಿರ್ಣಯ ಆಯೋಗ ರಚಿಸಿತು. ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ.

ಅದರ ಜೊತೆಗೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಸೇರಿಕೊಂಡಿತು. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಮೂರು ಷರತ್ತು ಹೇಳಿತ್ತು. ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳ ಸ್ಥಿತಿಗತಿ ನೋಡಲು ಪ್ರತ್ಯೇಕ ಆಯೋಗ ಬೇಕು. ಆ ಆಯೋಗದ ಅಂಕಿಅಂಶದ ಮೇಲೆ ಮೀಸಲಾತಿಯ ಪ್ರಮಾಣ ನಿಗದಿಯಾಗಬೇಕು. ಎಲ್ಲ ಸೇರಿ ಶೇ. 50 ದಾಟಬಾರದು. ಈ ಷರತ್ತುಗಳು ನ್ಯಾಯವಾದವೇ. ಹಿಂದುಳಿದ ವರ್ಗದವರನ್ನು ಬಿಟ್ಟು ಚುನಾವಣೆ ನಡೆಸಿ ಎಂದು ಯಾರೂ ಹೇಳಲಾರರು. ಕರ್ನಾಟಕ ಸರ್ಕಾರ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ ನೇಮಿಸಿತು. ಅದು ಕೆಲವೇ ತಿಂಗಳಲ್ಲಿ, ಅದೇ ವರ್ಷ ಜುಲೈಯಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳಿಗೆ ಶೇ. 33, ಒಟ್ಟು ಮೀಸಲಾತಿ ಶೇ. 50ರ ಒಳಗೆ ಎಂಬುದು ಅದರ ಶಿಫಾರಸು. ಇಲ್ಲಿಗೆ ಆ ಅಡ್ಡಿ ನಿವಾರಣೆ ಆಗಬೇಕಿತ್ತು. ಆಗಲಿಲ್ಲ. ಚುನಾವಣೆ ವಿಳಂಬದ ಕೇಸು ನಡೆಯುತ್ತಿದ್ದ ಹೈಕೋರ್ಟಿನಲ್ಲಿ ಸರ್ಕಾರ ಮತ್ತೆ ಮತ್ತೆ ಸಮಯ ಕೇಳಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ಬೇಸತ್ತು 5 ಲಕ್ಷ ರೂಪಾಯಿ ದಂಡ ಹಾಕಿತು.

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಕಾಂಗ್ರೆಸ್ ಬಂತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ನಡೆಸಿ ಎಂದವರೇ ಈಗ ನಡೆಸಬೇಕಾದವರು. ಅದೇ ವರ್ಷದ ಕೊನೆಗೆ ಕ್ಷೇತ್ರಗಳ ಗಡಿಯ ಅಧಿಸೂಚನೆ ಹೊರಬಿತ್ತು. ಉಳಿದದ್ದು ಯಾವ ಕ್ಷೇತ್ರ ಯಾರಿಗೆ ಎಂಬ ಮೀಸಲಾತಿ ಪಟ್ಟಿ. 2024 ಹೋಯಿತು, 2025 ಹೋಯಿತು.

ಈ ನಡುವೆ ದುಡ್ಡಿನ ನಷ್ಟವೂ ಆಗಿದೆ. ಕೇಂದ್ರ ಹಣಕಾಸು ಆಯೋಗದ ಅನುದಾನ ಸಿಗುವುದು ಚುನಾಯಿತ ಆಡಳಿತ ಇರುವ ಸ್ಥಳೀಯ ಸಂಸ್ಥೆಗಳಿಗೆ. ಅಲ್ಲಿ ಕುರ್ಚಿ ಖಾಲಿ ಇದ್ದರೆ ಆ ಪಾಲು ಬರುವುದಿಲ್ಲ. ಜಿಲ್ಲಾ ಯೋಜನಾ ಸಮಿತಿಯ ಕಥೆಯೂ ಅದೇ. ಅದರಲ್ಲಿ ಜಿಲ್ಲಾ ಪಂಚಾಯತಿಯ ಚುನಾಯಿತರು ಇರಬೇಕು. ಊರಿನ ಯೋಜನೆಯನ್ನು ಜಿಲ್ಲೆಯ ಯೋಜನೆಗೆ ಜೋಡಿಸುವ ಮೇಜೇ ಅದು, ಆ ಮೇಜಿನ ಮುಂದೆ ಕೂರಬೇಕಾದವರೇ ಇಲ್ಲ. 2016ರಲ್ಲಿ ಹದಿನೇಳು ವರ್ಷವಿದ್ದ ಹುಡುಗಿಗೆ ಈಗ ಇಪ್ಪತ್ತಾರು ದಾಟಿದೆ. ವಿಧಾನಸಭೆಗೆ ಎರಡು ಸಲ, ಲೋಕಸಭೆಗೆ ಎರಡು ಸಲ ಓಟು ಹಾಕಿರುತ್ತಾಳೆ. ಜಿಲ್ಲಾ ಪಂಚಾಯತಿಗೆ ಓಟು ಹಾಕುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಅರ್ಧದಷ್ಟು ಸ್ಥಾನಗಳು ಅವಳಂಥವರಿಗೇ ಮೀಸಲು ಎಂಬುದು ಕಾಯ್ದೆ ಪುಸ್ತಕದಲ್ಲೇ ಉಳಿದಿದೆ.

ಸದ್ಯ ಉಳಿದಿದ್ದ ಆಸರೆ ಗ್ರಾಮ ಪಂಚಾಯತಿ. ಅದರ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ, ಕೊರೊನಾ ಕಾಲದಲ್ಲಿ. ಗೆದ್ದವರ ಐದು ವರ್ಷ ತುಂಬುವುದು 2026ರ ಆರಂಭಕ್ಕೆ. ಅದೂ ಸಮಯಕ್ಕೆ ಸರಿಯಾಗಿ ನಡೆಯದೆ ಹೋದರೆ ಮೂರೂ ಹಂತಗಳಲ್ಲಿ ಆಡಳಿತಾಧಿಕಾರಿಗಳೇ ಇರುತ್ತಾರೆ.

ಪಕ್ಕದ ಕೇರಳದಲ್ಲಿ ಹೀಗಿಲ್ಲ. 1995ರಿಂದ ಐದೈದು ವರ್ಷಕ್ಕೆ ತಪ್ಪದೆ ಅಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆಯುತ್ತಿದೆ. 2020ರಲ್ಲಿ ಕೊರೊನಾ ಇದ್ದಾಗಲೂ ನಡೆಯಿತು, 2025ರ ಡಿಸೆಂಬರಿನಲ್ಲೂ ನಡೆಯಿತು. ಅಲ್ಲಿಯೂ ಗಡಿ ಗುರುತಿಸಲು ಬೇರೆ ಆಯೋಗವಿದೆ. ಆದರೆ ಅದರ ಅಧ್ಯಕ್ಷರು ರಾಜ್ಯ ಚುನಾವಣಾ ಆಯುಕ್ತರೇ. ನಮ್ಮಲ್ಲಿ 2021ರವರೆಗೆ ಗಡಿಯ ಕೆಲಸ ಚುನಾವಣಾ ಆಯೋಗದ ಬಳಿಯೇ ಇತ್ತು. ಅದನ್ನು ಅಲ್ಲಿಗೇ ವಾಪಸು ಕೊಡಲು, ಮೀಸಲಾತಿ ಪಟ್ಟಿಗೆ ಕಾಯ್ದೆಯಲ್ಲೇ ಒಂದು ಗಡುವು ಬರೆಯಲು ಹೊಸ ಸಮಿತಿ ಬೇಕಿಲ್ಲ, ಹೊಸ ವರದಿಯೂ ಬೇಕಿಲ್ಲ. ಬೇಕಿರುವುದು ವಿಧಾನಸಭೆಯಲ್ಲಿ ಒಂದು ತಿದ್ದುಪಡಿ. ನಿಮ್ಮ ಶಾಸಕರು ಊರಿಗೆ ಬಂದಾಗ, ಅವರು ಯಾವ ಪಕ್ಷದವರೇ ಆಗಿರಲಿ, ಇದಕ್ಕೆ ಕೈ ಎತ್ತುತ್ತೀರಾ ಎಂದು ಕೇಳಿ.