ಎಲೆ ನುಂಗಿದ ಬೆಳಕಿನ ಲೆಕ್ಕ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲ ಬಿಚ್ಚಿದೊಡನೆ ಒಂದು ಹಿಡಿ ಅಡಿಕೆಯನ್ನು ಅಂಗೈ ಮೇಲೆ ಹರಡಿ, ಬಾಗಿಲ ಬೆಳಕಿಗೆ ಹಿಡಿದು, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಕ್ಷಣದಲ್ಲಿ ಹೇಳಿಬಿಡುವವರಿದ್ದಾರೆ. ಅಷ್ಟು ಪಳಗಿದ ಕಣ್ಣಿನಲ್ಲಿಯೂ ಬಣ್ಣವನ್ನು ಅಳೆಯುವ ಕೋಶಗಳು ಮೂರೇ ಬಗೆಯವು. ತೀರ್ಥಹಳ್ಳಿಯಿಂದ ಆಗುಂಬೆಯತ್ತ ಹೋಗುವಾಗ ಎದುರಾಗುವ ಅಕೇಶಿಯಾ ನೆಡುತೋಪು, ಸೊಪ್ಪಿನ ಬೆಟ್ಟ, ಮೂಲಕಾಡು ಮೂರೂ ನಮಗೆ ‘ಹಸಿರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವುದು ಇದರಿಂದಲೇ.

ಹೈಪರ್‌ಸ್ಪೆಕ್ಟ್ರಲ್ ಉಪಕರಣ ಅದೇ ಬೆಳಕನ್ನು ನೂರಾರು ಕಿರಿದಾದ ಪಾಲುಗಳಾಗಿ ಸೀಳಿ, ಪ್ರತಿ ಪಾಲನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಅಮೆರಿಕ 2000ದಲ್ಲಿ ಕಕ್ಷೆಗೆ ಕಳುಹಿಸಿದ ಹೈಪೀರಿಯನ್ ಉಪಕರಣ, ಬೆಳಕಿನ ತರಂಗದ ಉದ್ದವನ್ನು ಅಳೆಯುವ ನ್ಯಾನೊಮೀಟರ್ ಲೆಕ್ಕದಲ್ಲಿ, ಸುಮಾರು 10 ನ್ಯಾನೊಮೀಟರ್ ಅಗಲದ ಇನ್ನೂರಕ್ಕೂ ಹೆಚ್ಚು ಪಾಲುಗಳನ್ನು ಮಾಡುತ್ತಿತ್ತು. ಇಸ್ರೋದ ಇಂಥದೇ ಉಪಗ್ರಹ ಹೈಸಿಸ್ 2018ರ ನವೆಂಬರ್ 29ರಂದು ಪಿಎಸ್‌ಎಲ್‌ವಿ-ಸಿ43 ರಾಕೆಟ್ಟಿನಲ್ಲಿ ಮೇಲೇರಿತು. ಅದರ ತೂಕ 380 ಕಿಲೋಗ್ರಾಂ, ಕಕ್ಷೆಯ ಎತ್ತರ 636 ಕಿಲೋಮೀಟರ್. ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ನೆಲ ಹಿಂದೆ ಸರಿಯುವ ಆ ಓಟದಲ್ಲಿ 30 ಮೀಟರ್ ಉದ್ದದ ನೆಲದ ಒಂದು ತುಂಡಿಗೆ ಸಿಗುವುದು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲಿ ಆ ತುಂಡಿನಿಂದ ಬಂದ ಬೆಳಕೆಲ್ಲ ಸೀಳಿ ಬರೆದಿಟ್ಟಾಗಿರುತ್ತದೆ.

ಹೀಗೆ ಸೀಳಿದ ಬೆಳಕಿನಲ್ಲಿ ಓದಬೇಕಾದದ್ದು ಇರುವ ಬಣ್ಣಗಳಿಗಿಂತ ಹೆಚ್ಚಾಗಿ ಇಲ್ಲದ ಬಣ್ಣಗಳನ್ನು. ಬವೇರಿಯಾದ ಗಾಜು ತಯಾರಕ ಫ್ರೌನ್‌ಹೋಫರ್ ಮಸೂರದ ಗಾಜಿನ ಗುಣ ಪರೀಕ್ಷಿಸಲು ಹೊರಟು, 1814ರಲ್ಲಿ ಸೂರ್ಯನ ರೋಹಿತದಲ್ಲಿ, ಅಂದರೆ ಬಣ್ಣಬಣ್ಣವಾಗಿ ಸೀಳಿ ಹರಡಿದ ಬಿಸಿಲಿನ ಪಟ್ಟಿಯಲ್ಲಿ, ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದ. ಒಂದೊಂದು ಧಾತುವೂ ತನಗೆ ಒಗ್ಗುವ ಬಣ್ಣವನ್ನು ಹೀರಿಕೊಂಡು ಬಿಟ್ಟ ಖಾಲಿ ಜಾಗಗಳೇ ಅವು ಎಂಬುದು ಜರ್ಮನ್ ವಿಜ್ಞಾನಿಗಳಾದ ಕಿರ್ಕಾಫ್ ಮತ್ತು ಬುನ್ಸೆನ್ ಅವರಿಂದ ತಿಳಿಯಲು ಇನ್ನೂ 45 ವರ್ಷ ಬೇಕಾಯಿತು.

ಅಡಿಕೆಯ ಸೋಗೆಯಿಂದ ಒಂದು ಗರಿ ಕಿತ್ತು ಬಿಸಿಲಿಗೆ ಹಿಡಿಯಿರಿ. ಅದರ ಪತ್ರಹರಿತ್ತು 450 ನ್ಯಾನೊಮೀಟರ್ ಆಸುಪಾಸಿನ ನೀಲಿಯನ್ನೂ 670ರ ಆಸುಪಾಸಿನ ಕೆಂಪನ್ನೂ ನುಂಗುತ್ತದೆ; ನಡುವೆ 550ರ ಹತ್ತಿರ ನುಂಗದೆ ಉಳಿದದ್ದೇ ನಾವು ಕಾಣುವ ಹಸಿರು. 700 ದಾಟುತ್ತಲೇ ಪತ್ರಹರಿತ್ತು ನುಂಗುವುದನ್ನು ನಿಲ್ಲಿಸುತ್ತದೆ. ಒಳಗಿನ ಜೀವಕೋಶಗಳ ನಡುವಣ ಗಾಳಿಯ ಸಂದುಗಳಲ್ಲಿ ಚದುರಿದ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಸುಮಾರು ಅರ್ಧ ಭಾಗ ಹೊರಗೆ ಮರಳುತ್ತದೆ. ಯಾವ ಬಣ್ಣ ಎಷ್ಟು ಮರಳಿತೆಂದು ನಕ್ಷೆಯಲ್ಲಿ ಎಳೆದ ರೋಹಿತದ ಗೆರೆ ಇಲ್ಲಿ ವರಾಹಿ ಕಣಿವೆಯ ಗೋಡೆಯಂತೆ ಸೆಟೆದು ಮೇಲೇರುತ್ತದೆ. ಇದಕ್ಕೆ ‘ಕೆಂಪಿನ ಅಂಚು’ ಎಂದು ಹೆಸರು. ಪತ್ರಹರಿತ್ತು ಕುಂದಿದಾಗ ಈ ಗೋಡೆ ಕೆಲವೇ ನ್ಯಾನೊಮೀಟರ್ ಗಿಡ್ಡ ತರಂಗಗಳತ್ತ ಸರಿಯುತ್ತದೆ, ಮತ್ತು ಎಲೆ ಹಳದಿಯಾಯಿತೆಂದು ಕಣ್ಣಿಗೆ ಹೊಳೆಯುವ ಮುಂಚೆಯೇ ಸರಿಯಬಲ್ಲದು.

ಆ ಗರಿಯ ನೀರಿನ ಕಥೆ ನನಗೆ ಇನ್ನೂ ಇಷ್ಟ. ನೀರಿನ ಅಣುವಿನಲ್ಲಿ ಆಮ್ಲಜನಕಕ್ಕೂ ಜಲಜನಕಕ್ಕೂ ನಡುವೆ ಇರುವ ಬಂಧ ಸ್ಪ್ರಿಂಗಿನಂತೆ ಎಳೆದಾಡುತ್ತಿರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಮಾತ್ರ ಅದು ಜೀಕುವಂತೆ, ಈ ಬಂಧ ತನ್ನ ಲಯಕ್ಕೆ ಹೊಂದುವ ಬೆಳಕನ್ನಷ್ಟೇ ಒಳಗೆ ಸೆಳೆದುಕೊಳ್ಳುತ್ತದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಇದು ತಂಬೂರಿಯ ತಂತಿ. ಮೀಟಿದ ತಂತಿ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಗಳನ್ನೂ ಹೊರಡಿಸುವಂತೆ, ನೀರಿನ ಮೂಲಸ್ವರ 2900 ನ್ಯಾನೊಮೀಟರ್ ಆಸುಪಾಸಿನಲ್ಲಿದ್ದರೆ, ಸ್ಥೂಲವಾಗಿ ಅದರ ಅರ್ಧಕ್ಕೆ 1450ರಲ್ಲೂ ಮೂರನೆಯ ಒಂದಕ್ಕೆ 970ರಲ್ಲೂ ಹೀರಿಕೆಯ ಹಳ್ಳಗಳು ಬೀಳುತ್ತವೆ. 1450ರ ಹಳ್ಳವನ್ನು ಗಾಳಿಯಲ್ಲಿರುವ ತೇವಾಂಶವೇ ಮುಚ್ಚಿಬಿಡುವುದರಿಂದ ಆಕಾಶದಿಂದ ನೋಡುವವರು 970 ಮತ್ತು 1200ರ ಹಳ್ಳಗಳ ಆಳ ನೋಡಿ ಗಿಡದ ನೀರನ್ನು ಅಂದಾಜಿಸುತ್ತಾರೆ. ಇಂಥದೇ ಬಂಧ ಜೇಡಿಮಣ್ಣಿನಲ್ಲಿ ಅಲ್ಯೂಮಿನಿಯಂ ಜೊತೆ ಸೇರಿದಾಗ 2200ರ ಬಳಿ ಇನ್ನೊಂದು ಹಳ್ಳ ಬೀಳುತ್ತದೆ. ಜಂಬಿಟ್ಟಿಗೆಯ ಕೆಂಪಿಗೆ ಕಾರಣವಾದ ಕಬ್ಬಿಣದ ಆಕ್ಸೈಡ್ ತನ್ನ ಗುರುತನ್ನು 900ರ ಸುತ್ತ ಬಿಡುತ್ತದೆ. ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಚಂದ್ರನ ನೆಲದಲ್ಲಿ ನೀರಿನ ಸುಳಿವನ್ನು ಹಿಡಿದದ್ದು ಕೂಡ 3000 ನ್ಯಾನೊಮೀಟರ್ ಹತ್ತಿರದ ಈ ಮೂಲಸ್ವರದಿಂದಲೇ. 2009ರಲ್ಲಿ ಅದು ಪ್ರಕಟವಾಯಿತು.

ಇಷ್ಟು ಕೇಳಿದವರು ಮರುಕ್ಷಣ ನಿಧಿಯ ಮಾತೆತ್ತುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಕೆಳದಿ ಅರಸರ ಕಾಲದ ಹೊನ್ನು ಉಪಗ್ರಹಕ್ಕೆ ಕಾಣುತ್ತದೆಯಂತೆ, ಬೋರ್‌ವೆಲ್ಲಿನ ಜಾಗವನ್ನು ಉಪಗ್ರಹವೇ ತೋರಿಸುತ್ತದೆಯಂತೆ ಎಂದು ಹೇಳಿ ದುಡ್ಡು ಕೀಳುವವರಿಗೂ ತೆಂಗಿನಕಾಯಿ ಹಿಡಿದು ನೀರು ನೋಡುವವರಿಗೂ ನಾನು ವ್ಯತ್ಯಾಸ ಕಾಣೆ. ಈ ಉಪಕರಣ ಓದುವುದು ಬಿಸಿಲು ತಾಗಿ ಮರಳಿದ ಬೆಳಕನ್ನು, ಆ ಬಿಸಿಲೋ ಮಣ್ಣಿನ ತೆಳುವಾದ ಮೇಲ್ಪದರವನ್ನೂ ದಾಟಲಾರದು. ತೋಟದ ಮೇಲಿನ ಸೋಗೆ ಕಾಣುತ್ತದೆ, ಅದರ ನೆರಳಿನಲ್ಲಿರುವ ಏಲಕ್ಕಿ ಕಾಣುವುದಿಲ್ಲ. ಚಿನ್ನದ ಅದಿರು ಹುಡುಕುವ ಭೂವಿಜ್ಞಾನಿಗಳು ಕೂಡ ಚಿತ್ರದಲ್ಲಿ ನೋಡುವುದು ಚಿನ್ನವನ್ನಲ್ಲ, ಹಿಂದೊಮ್ಮೆ ಬಿಸಿನೀರು ಹರಿದು ಬಂಡೆ ಜೇಡಿಯಾಗಿ ಮಾರ್ಪಟ್ಟ ಜಾಗಗಳನ್ನು. ಮಲೆನಾಡಿಗಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆ. ಕೊಳೆರೋಗ ಹಬ್ಬುವ ಆ ತಿಂಗಳುಗಳಲ್ಲೇ ಈ ಕಣ್ಣು ಕುರುಡು.

ತುಂಡಿನ ಅಳತೆಯೂ ಲೆಕ್ಕಕ್ಕೆ ಬರಬೇಕು. 2.7 ಮೀಟರ್ ಅಂತರದಲ್ಲಿ ಅಡಿಕೆ ನೆಟ್ಟ ತೋಟದಲ್ಲಿ, 30 ಮೀಟರ್ ಚದರದ ಒಂದು ತುಂಡಿನೊಳಗೆ ನೂರಿಪ್ಪತ್ತಕ್ಕೂ ಹೆಚ್ಚು ಮರಗಳು ಬೆರೆತುಹೋಗುತ್ತವೆ. ತೋಟವಿರುವುದು ಕಿರಿದಾದ ಕಣಿವೆಯಲ್ಲಾದರೆ ಪಕ್ಕದ ಬೆಟ್ಟವೂ ಅದರೊಳಗೆ ಸೇರಿಕೊಳ್ಳುತ್ತದೆ. ಬೆಂಗಳೂರಿನ ಪಿಕ್ಸೆಲ್ ಎಂಬ ಕಂಪನಿ 2025ರ ಜನವರಿಯಲ್ಲಿ ಹಾರಿಸಿದ ಫೈರ್‌ಫ್ಲೈ ಉಪಗ್ರಹಗಳು 5 ಮೀಟರ್ ತುಂಡುಗಳಲ್ಲಿ ನೋಡುತ್ತವೆ, ಅಂದರೆ ಮೂರು ಮರಕ್ಕೆ ಒಂದು ರೋಹಿತ. ಆ ಮೂರರ ಪತ್ರಹರಿತ್ತು ಕುಂದಿದೆ ಎಂದು ಅದು ಹೇಳಬಲ್ಲದು. ಕುಂದಿಗೆ ಕಾರಣ ಹಳದಿ ಎಲೆ ರೋಗವೋ, ಎಲೆಚುಕ್ಕಿಯೋ, ಬುಡದಲ್ಲಿ ನಿಂತ ನೀರೋ ಎಂದು ತಿಳಿಯಲು ತೋಟಕ್ಕೆ ಇಳಿದು, ಸೋಗೆಯನ್ನು ಕೈಗೆತ್ತಿಕೊಂಡೇ ನೋಡಬೇಕು.