ಟಿವಿ ರಿಪೇರಿ ಕಲಿಯುವ ಮಕ್ಕಳು ಮೊದಲು ಪವರ್ ಸಪ್ಲೈ ಕಲೀಲಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಮಂಗಳೂರಲ್ಲಿ ನಮ್ಮಂಥ ರಿಪೇರಿ ಅಂಗಡಿಗಳಿಗೆ ತಂದೆ ತಾಯಿ ಮಕ್ಕಳನ್ನು ಕರ್ಕೊಂಡು ಬರ್ತಾರೆ, ಕೇಳೋದು ಒಂದೇ, "ಮೂರು ತಿಂಗಳಲ್ಲಿ ಎಲ್ಇಡಿ ಟಿವಿ ಕಲೀಬಹುದಾ ಸರ್?" ಬೋರ್ಡ್ ಬಿಚ್ಚಿ ಬೇರೆ ಬೋರ್ಡ್ ಹಾಕ್ಲಿಕ್ಕೆ ಅಷ್ಟು ಸಮಯವೂ ಬೇಡ. ಆದ್ರೆ ಗಿರಾಕಿ ನಮ್ಮ ಹತ್ರ ಬರೋದೇ ಹಳೇ ಸೆಟ್ಟಿಗೆ ಹೊಸ ಬೋರ್ಡ್ ಸಿಗದೆ ಇದ್ದಾಗ, ಅಥವಾ ಬೋರ್ಡಿನ ರೇಟ್ ಕೇಳಿ ಬೇಡ ಅನ್ನಿಸಿದಾಗ. ಆವಾಗ ಬೋರ್ಡಿನಲ್ಲಿ ಯಾವ ಪಾರ್ಟ್ ಹೋಗಿದೆ ಅಂತ ಮೀಟರ್ ಹಿಡಿದು ಹುಡುಕ್ಲಿಕ್ಕೆ ಗೊತ್ತಿರಬೇಕು.

ಹಾಗಾಗಿ ನಾನು ಹುಡುಗರನ್ನು ಮೊದಲು ಕೂರಿಸೋದು ಪವರ್ ಸಪ್ಲೈ ಬೋರ್ಡಿನ ಎದುರು, ಅಂದ್ರೆ ಮನೆ ಕರೆಂಟನ್ನು ಟಿವಿಗೆ ಬೇಕಾದ ಡಿಸಿ ವೋಲ್ಟೇಜ್ ಮಾಡಿಕೊಡೋ ಬೋರ್ಡು. ಮನೆಯ 230 ವೋಲ್ಟ್ ಎಸಿ ಒಳಗೆ ಬಂದು ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡೋ ಡಯೋಡ್‌ಗಳು) ದಾಟಿದ್ರೆ ದೊಡ್ಡ ಕೆಪಾಸಿಟರಿನಲ್ಲಿ (ಚಾರ್ಜ್ ಹಿಡಿದಿಡೋ ಪಾರ್ಟ್) ಸುಮಾರು 320 ವೋಲ್ಟ್ ಡಿಸಿ ಆಗಿ ನಿಲ್ತದೆ, ಪ್ಲಗ್ ತೆಗೆದ ಮೇಲೂ ಕೆಲವು ಬೋರ್ಡಲ್ಲಿ ಅದು ಹಾಗೇ ಉಳಿದಿರ್ತದೆ. ಅದನ್ನು ಸ್ಕ್ರೂಡ್ರೈವರಲ್ಲಿ ಶಾರ್ಟ್ ಮಾಡೋ ಅಭ್ಯಾಸ ತುಂಬಾ ಜನರಿಗೆ ಉಂಟು, ದಯವಿಟ್ಟು ಬೇಡ, ಹಳೇ ಫಿಲಮೆಂಟ್ ಬಲ್ಬಿಗೆ ಎರಡು ವಯರ್ ಕಟ್ಟಿ ಅದರ ಮೂಲಕ ಖಾಲಿ ಮಾಡಿ, ಆಮೇಲೆ ಮೀಟರಿಟ್ಟು ಸೊನ್ನೆ ಆಗಿದೆಯಾ ನೋಡಿ. ಅದೇ ಥರದ ಬಲ್ಬನ್ನು ಲೈನಿಗೆ ಸೀರೀಸ್ ಹಾಕಿಯೇ (ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗೋ ಹಾಗೆ) ಸೆಟ್ ಆನ್ ಮಾಡ್ಬೇಕು. ಬಲ್ಬ್ ಒಮ್ಮೆ ಹೊಳೆದು ಮಂಕಾದ್ರೆ ಶಾರ್ಟ್ ಇಲ್ಲ, ಫುಲ್ ಉರೀತಾ ನಿಂತ್ರೆ ಒಳಗೆ ಶಾರ್ಟ್ ಉಂಟು, ಹೊಸದಾಗಿ ಹಾಕಿದ ಪಾರ್ಟೂ ಹಳೇ ಬೋರ್ಡೂ ಎರಡೂ ಸುಡೋದು ತಪ್ತದೆ.

ಮಕ್ಕಳು ಹೆಚ್ಚು ಕನ್‌ಫ್ಯೂಸ್ ಆಗೋದು ಗ್ರೌಂಡ್ ವಿಷಯದಲ್ಲಿ. ಗ್ರೌಂಡ್ ಅಂದ್ರೆ ವೋಲ್ಟೇಜ್ ಅಳೆಯುವಾಗ ಸೊನ್ನೆ ಅಂತ ಇಟ್ಟುಕೊಳ್ಳೋ ಜಾಗ, ಒಂದೇ ಬೋರ್ಡಲ್ಲಿ ಅಂಥದ್ದು ಎರಡು ಇರ್ತದೆ. ಹಾಟ್ ಸೈಡ್, ಅಂದ್ರೆ ಮನೆ ಕರೆಂಟಿಗೆ ನೇರ ಸೇರಿದ ಭಾಗ, ಅಳೀಬೇಕಾದ್ರೆ ಕಪ್ಪು ಪ್ರೋಬ್ ದೊಡ್ಡ ಕೆಪಾಸಿಟರಿನ ನೆಗೆಟಿವ್‌ಗೆ, ಟ್ರಾನ್ಸ್‌ಫಾರ್ಮರಿನ ಆಚೆ ಕೋಲ್ಡ್ ಸೈಡ್ ಆದ್ರೆ ಆಂಟೆನಾ ವಯರ್ ಸಿಕ್ಕಿಸೋ ಟ್ಯೂನರ್ ಕವಚಕ್ಕೋ ಲೋಹದ ಚಾಸಿಸ್‌ಗೋ. ಇದು ಅದಲು ಬದಲಾದ್ರೆ ಮೀಟರ್ ಸುಳ್ಳು ಹೇಳ್ತದೆ, ಹುಡುಗ ಒಳ್ಳೆ ಐಸಿಯನ್ನೇ ಕಿತ್ತು ಬಿಸಾಡ್ತಾನೆ.

ಇದು ಕೈಗೆ ಬಂದ್ರೆ ಮುಂದಿನದ್ದಕ್ಕೆ ಒಂದು ಸಾಲು ಸಿಗ್ತದೆ. ಮೊದಲು ಸ್ಟ್ಯಾಂಡ್‌ಬೈ ವೋಲ್ಟೇಜ್ (ಟಿವಿ ಆಫ್ ಇದ್ದಾಗಲೂ ರಿಮೋಟಿಗೆ ಕಾಯೋ ಭಾಗಕ್ಕೆ ಸಿಗೋದು), ಸುಮಾರು ಸೆಟ್ಟುಗಳಲ್ಲಿ 5 ವೋಲ್ಟ್. ಅದುಂಟಾ? ಹಾಗಾದ್ರೆ ರಿಮೋಟ್ ಒತ್ತಿದಾಗ ಮೇನ್ ಬೋರ್ಡಿಂದ ಆನ್ ಸಿಗ್ನಲ್ ಬರ್ತಾ ಉಂಟಾ, ಬಂದ್ರೆ 12 ವೋಲ್ಟ್ ಎದ್ದು ನಿಲ್ತದಾ, ನಿಂತ್ರೆ ಪರದೆ ಹಿಂದೆ ಬೆಳಕು ಕೊಡೋ ಬ್ಯಾಕ್‌ಲೈಟ್‌ಗೆ ಆನ್ ಸಿಗ್ನಲ್ ಹೋಗ್ತದಾ. ಎಲ್ಲಿ ನಿಂತುಹೋಯ್ತೋ ಅಲ್ಲೇ ಹುಡುಕೋದು. ಇಂಡಿಕೇಟರ್ ಮಿಣುಕ್ತಾ ಸೆಟ್ ಆನ್ ಆಗದ ಕೇಸುಗಳಲ್ಲಿ ಎಷ್ಟೋ ಸಲ ತಪ್ಪಿತಸ್ಥ 12 ವೋಲ್ಟ್ ಲೈನಿನ ಕೆಪಾಸಿಟರ್, ಮೇಲೆ ಉಬ್ಬಿರೋದೇ ಇಲ್ಲ, ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್ ಅಳೆಯೋ ಇಎಸ್ಆರ್ ಮೀಟರ್ ಇಟ್ರೆ ಮಾತ್ರ ಸಿಕ್ಕಿಬೀಳ್ತದೆ. ಹೊಸದು ಹಾಕುವಾಗ 105 ಡಿಗ್ರಿ ಬಿಸಿ ತಡೆಯೋದನ್ನೇ ಹಾಕಿ, ನಾಲ್ಕು ಕಾಸು ಉಳಿಸ್ಲಿಕ್ಕೆ 85 ಡಿಗ್ರಿಯದ್ದು ಬೇಡ.

ಸೌಂಡ್ ಉಂಟು ಚಿತ್ರ ಇಲ್ಲ ಅಂದ್ರೆ ಕತ್ತಲಲ್ಲಿ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ, ಚಿತ್ರ ಮಸುಕಾಗಿ ಕಂಡ್ರೆ ಬ್ಯಾಕ್‌ಲೈಟ್ ಹೋಗಿದೆ. ಸೀರೀಸಲ್ಲಿ ಒಂದು ಎಲ್ಇಡಿ ಓಪನ್ ಆಗಿ ಕರೆಂಟ್ ಕಡಿದ್ರೂ ಆ ಸಾಲೇ ಕತ್ತಲೆ. ಪ್ಯಾನೆಲ್ ಎತ್ತುವಾಗ ಮಾತ್ರ ಇಬ್ರು ಬೇಕು, ಅಂಚಿನ ರಿಬ್ಬನ್ ಹರಿದ್ರೆ ಆ ಟಿವಿ ಕಥೆ ಮುಗೀತು.

ಇನ್ನು ನಮ್ಮ ಕರಾವಳಿಯದ್ದೇ ಪಾಠ ಬೇರೆ ಉಂಟು. ಪಣಂಬೂರು, ಮಲ್ಪೆ ಕಡೆ ಸಮುದ್ರದ ಹತ್ರದ ಮನೆಗಳ ಸೆಟ್ ಬಿಚ್ಚಿದ್ರೆ ಕನೆಕ್ಟರ್ ಪಿನ್ನಲ್ಲಿ ಹಸಿರು ಕಿಲುಬು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷಲ್ಲಿ ಉಜ್ಜಿ ಒಣಗಿಸಿದ್ರೇ ಕೆಲವು ಸಲ ಟಿವಿ ಎದ್ದು ಕೂರ್ತದೆ. ಬೆಚ್ಚಗಿರ್ತದೆ ಅಂತ ಹಲ್ಲಿ, ಇರುವೆ ಎಲ್ಲ ಪವರ್ ಸಪ್ಲೈ ಒಳಗೇ ಮನೆ ಮಾಡ್ತವೆ. ಮಳೆಗಾಲಕ್ಕೆ ಮುಂಚೆ ಏಪ್ರಿಲ್ ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಲ್ಲಿ ಸಿಡಿಲಿಗೆ ಹೋದ ಸೆಟ್ಟುಗಳು ಸಾಲಾಗಿ ಬರ್ತವೆ, ಅದರಲ್ಲಿ ಸಿಡಿಲು ಕರೆಂಟ್ ಲೈನಿಂದಲೇ ಬಂದಿರಬೇಕು ಅಂತಿಲ್ಲ, ಡಿಶ್ ಕೇಬಲ್ಲಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಪೋರ್ಟಿಗೆ. ಪವರ್ ಸಪ್ಲೈ ಚೆನ್ನಾಗಿದ್ದು ಮೇನ್ ಬೋರ್ಡ್ ಸತ್ತಿದ್ರೆ ಇದನ್ನು ಮೊದಲು ಯೋಚಿಸ್ಬೇಕು, ಗಿರಾಕಿಗೂ ಹೇಳ್ಬೇಕು, ರಿಮೋಟಲ್ಲಿ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೂ ಕೇಬಲ್ಲೂ ಎರಡೂ ತೆಗೀಬೇಕು ಅಂತ.

ಎಲ್ಲಿ ಕಲಿಯೋದು? ಸಮಯ ಇದ್ದವರಿಗೆ ಐಟಿಐಯ ಎರಡು ವರ್ಷದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಟ್ರೇಡೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಥಿಯರಿ ಗಟ್ಟಿ ಇದ್ದ ಹುಡುಗ ನಮ್ಮ ಬೆಂಚಲ್ಲಿ ಬೇಗ ಹತ್ತಿಕೊಳ್ತಾನೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಮೇತ ಉಚಿತವಾಗಿ ಸ್ವಉದ್ಯೋಗದ ಕಿರು ತರಬೇತಿ ಕೊಡ್ತಾರೆ, ಯಾವ ಬ್ಯಾಚ್ ಯಾವಾಗ ಅಂತ ಅಲ್ಲೇ ವಿಚಾರಿಸಿ. ಪ್ರೈವೇಟ್ ಸೆಂಟರಿಗೆ ಫೀಸ್ ಕಟ್ಟೋದಾದ್ರೆ ಮೊದಲು ಕ್ಲಾಸ್ ರೂಮ್ ಬಿಟ್ಟು ಪ್ರಾಕ್ಟಿಕಲ್ ಬೆಂಚ್ ತೋರಿಸಿ ಅನ್ನಿ, ಒಂದು ಬೆಂಚಿಗೆ ಎಷ್ಟು ಮಕ್ಕಳು, ಪ್ರತಿಯೊಬ್ಬನಿಗೂ ಸ್ವಂತ ಮೀಟರ್ ಸೋಲ್ಡರಿಂಗ್ ಐರನ್ ಉಂಟಾ, ನಿಜವಾಗಿ ಕೆಟ್ಟ ಬೋರ್ಡ್ ಕೈಗೆ ಕೊಡ್ತಾರಾ ಅಥವಾ ಪ್ರೊಜೆಕ್ಟರಲ್ಲಿ ತೋರಿಸಿ ಮುಗಿಸ್ತಾರಾ ಅಂತ ಕೇಳಿ. ಬೆಂಚ್ ತೋರಿಸ್ಲಿಕ್ಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಗೆ ದುಡ್ಡು ಕಟ್ಬೇಡಿ.